ನಮ್ಮ ಸಿಟಿಗೆ ಸ್ವಂತ ಕರೆಂಟ್ ಕಂಪನಿ ಬೇಕಾ? ವೋಟು ಹಾಕುವ ಮೊದಲು ಹಂತ ಹಂತವಾಗಿ ನೋಡಬೇಕಾದ್ದು

ಅಮೆರಿಕದಲ್ಲಿರುವ ಕನ್ನಡದ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ನಮ್ಮ ಸಿಟಿ ಕೌನ್ಸಿಲ್‌ನಲ್ಲಿ ಸ್ವಂತ ಕರೆಂಟ್ ಕಂಪನಿ ಮಾಡೋಣ ಅಂತ ಚರ್ಚೆ ನಡೀತಿದೆ. ಇದು ಒಳ್ಳೇದಾ? ನಾವು ಯಾವ ಕಡೆ ನಿಲ್ಲಬೇಕು?"

ಯಾವ ಕಡೆ ನಿಲ್ಲಿ ಅಂತ ನಾನು ಹೇಳುವುದಿಲ್ಲ. ಆ ಉತ್ತರ ಊರಿಂದ ಊರಿಗೆ ಬೇರೆ. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅನ್ನುವುದು ಎಲ್ಲ ಊರಿಗೂ ಹೆಚ್ಚುಕಡಿಮೆ ಒಂದೇ. ಬಹಳ ಊರುಗಳು ಎಡವಿದ್ದು ಅಲ್ಲೇ. ಕೊನೆಗೆ ಮಾಡಬೇಕಾದ ಕೆಲಸವನ್ನು, ಅಂದರೆ ಕಂಬ-ತಂತಿ ಕೊಳ್ಳುವ ಜಗಳವನ್ನು, ಮೊದಲೇ ಹಿಡಿದುಕೊಂಡವು.

ನೀವು ಸಿಟಿಜನ್ ಅಲ್ಲದಿದ್ದರೂ ಇದನ್ನು ಓದಿ. ವೋಟು ಹಾಕಲು ಆಗದಿದ್ದರೂ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಮಾತಾಡಬಹುದು. ಬಿಲ್ ಕಟ್ಟುವವರು ನೀವೇ ಅಲ್ವಾ?

ಶುರು ಮಾಡುವ ಮೊದಲು ಗೊತ್ತಿರಬೇಕಾದ್ದು

ಕರೆಂಟ್ ಮನೆಗೆ ಬರುವುದು ಮೂರು ಹಂತದಲ್ಲಿ. ಮೊದಲು ಉತ್ಪಾದನೆ: ಅಣೆಕಟ್ಟು, ಗ್ಯಾಸ್ ಘಟಕ, ಸೋಲಾರ್ ಪಾರ್ಕ್. ಆಮೇಲೆ ಪ್ರಸರಣ: ದೊಡ್ಡ ಟವರ್‌ಗಳ ಮೇಲೆ ಹೈ ವೋಲ್ಟೇಜ್‌ನಲ್ಲಿ ದೂರ ಸಾಗುವುದು. ಕೊನೆಗೆ ವಿತರಣೆ: ಸಬ್‌ಸ್ಟೇಷನ್‌ನಿಂದ ನಿಮ್ಮ ಬೀದಿಯ ಕಂಬ, ಟ್ರಾನ್ಸ್‌ಫಾರ್ಮರ್, ಮನೆಯ ಮೀಟರ್‌ವರೆಗೆ. ಸಿಟಿಗೆ ಸ್ವಂತ ಯುಟಿಲಿಟಿ, ಅಂದರೆ ಕರೆಂಟ್ ಕಂಪನಿ, ಅಂದಾಗ ಸಾಮಾನ್ಯವಾಗಿ ಈ ಮೂರನೆಯದರ ಮಾತು. ಉಳಿದ ಎರಡನ್ನು ಸಿಟಿ ಹೊರಗಿನಿಂದಲೇ ತರಬೇಕಾಗುತ್ತದೆ.

ಅಮೆರಿಕದಲ್ಲಿ ಜಾಸ್ತಿ ಜನಕ್ಕೆ ಕರೆಂಟ್ ಕೊಡುವುದು ಷೇರುದಾರರ ಖಾಸಗಿ ಕಂಪನಿಗಳು. ಅವುಗಳ ದರ ನಿಗದಿ ಮಾಡುವುದು ರಾಜ್ಯದ ಯುಟಿಲಿಟಿ ಆಯೋಗ. ಅದರ ಜೊತೆಗೇ ಸುಮಾರು 2,000 ಊರುಗಳಲ್ಲಿ ಕರೆಂಟ್ ಊರಿನದ್ದೇ. ಲಾಸ್ ಏಂಜಲೀಸ್, ಸಿಯಾಟಲ್, ಆಸ್ಟಿನ್, ಸ್ಯಾನ್ ಆಂಟೋನಿಯೋ ಎಲ್ಲ ಹೀಗೆ. ಅಂದರೆ ಇದು ಯಾರೋ ನಿನ್ನೆ ಕಂಡ ಕನಸಲ್ಲ. ಆದರೆ ಒಂದು ವಿಷಯ ನೆನಪಿಡಿ. ಇವುಗಳಲ್ಲಿ ಬಹುಪಾಲು ನೂರು ವರ್ಷದ ಹಿಂದೆ, ಕಂಬ ನೆಡುವ ಕಾಲದಲ್ಲೇ ಊರಿನ ಕೈಗೆ ಬಂದವು. ಇವತ್ತು ಹೊಸದಾಗಿ ಶುರು ಮಾಡುವುದು ಬೇರೆಯೇ ಕೆಲಸ.

ಹಂತ 1: ನಿಮಗೆ ಏನು ಬೇಕು ಅಂತ ಒಂದೇ ಸಾಲಲ್ಲಿ ಬರೆಯಿರಿ

ಕಡಿಮೆ ದರ ಬೇಕಾ? ಪದೇ ಪದೇ ಹೋಗುವ ಕರೆಂಟ್ ನಿಲ್ಲಬೇಕಾ? ಕಲ್ಲಿದ್ದಲು, ಗ್ಯಾಸ್ ಬಿಟ್ಟು ಸೋಲಾರ್, ಗಾಳಿಯ ಕರೆಂಟ್ ಬೇಕಾ? ಅಥವಾ ನಿರ್ಧಾರ ಊರಿನವರ ಕೈಯಲ್ಲಿರಬೇಕು ಅನ್ನುವುದೇ ಮುಖ್ಯವಾ?

ನಾಲ್ಕೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯಾವುದು ಮೊದಲು ಅಂತ ತೀರ್ಮಾನ ಮಾಡದಿದ್ದರೆ ಮುಂದಿನ ಒಂದು ಹಂತವೂ ಸರಿಹೋಗುವುದಿಲ್ಲ. ಒಂದೊಂದಕ್ಕೆ ಮದ್ದು ಬೇರೆ, ಖರ್ಚೂ ಬೇರೆ.

ಇಲ್ಲಿ ಎಡವುವ ಜಾಗ: ಕರೆಂಟ್ ಹೋಗುವುದನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸುವುದು. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಸ್ ಕತ್ತಲಾದಾಗ ಆಸ್ಟಿನ್‌ನಲ್ಲೂ ಕರೆಂಟ್ ಹೋಯಿತು. ಆಸ್ಟಿನ್‌ನ ಕಂಪನಿ ಊರಿನದ್ದೇ. ಆದರೆ ಕೊರತೆ ಇದ್ದದ್ದು ಇಡೀ ರಾಜ್ಯದ ಗ್ರಿಡ್‌ನಲ್ಲಿ. ಊರಿನ ತಂತಿ ಯಾರದ್ದು ಅನ್ನುವುದರಿಂದ ಅದು ನಿಲ್ಲುತ್ತಿರಲಿಲ್ಲ. ಮರ ಬಿದ್ದು ತಂತಿ ಹರಿಯುವುದು, ಹಳೇ ಟ್ರಾನ್ಸ್‌ಫಾರ್ಮರ್ ಸುಡುವುದು ಇಂಥವುಗಳನ್ನು ಮಾತ್ರ ಊರಿನ ಯುಟಿಲಿಟಿ ಸರಿಮಾಡಬಲ್ಲದು.

ಹಂತ 2: ನಿಮ್ಮ ಬಿಲ್ ಒಡೆದು ನೋಡಿ

ಒಟ್ಟು ಮೊತ್ತ ನೋಡಿ ಬಿಲ್ ಮಡಚಿಡಬೇಡಿ. ಬಹಳ ಕಡೆ ಒಳಗಿನ ಪುಟದಲ್ಲಿ ಉತ್ಪಾದನೆಗೆ ಎಷ್ಟು, ಡೆಲಿವರಿಗೆ ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಡೆಲಿವರಿ ಅಂದರೆ ಕಂಬ-ತಂತಿಯ ಬಾಬ್ತು. ನಿಮ್ಮ ದೂರು ಯಾವ ಪಾಲಿನ ಮೇಲೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಓದುಗರು ಸದಾ ಕೊಡುವ ಉದಾಹರಣೆ ಸಾಂತಾ ಕ್ಲಾರಾ. ಸನ್ನಿವೇಲ್‌ನಿಂದ ಸಾಂತಾ ಕ್ಲಾರಾಕ್ಕೆ ಒಂದು ರಸ್ತೆ ದಾಟಿದರೆ ಸಾಕು, ಊರು ಬದಲು. ಆ ಕಡೆ ಸಿಲಿಕಾನ್ ವ್ಯಾಲಿ ಪವರ್, ಅದು 1896ರಿಂದ ಊರಿನದ್ದೇ ಕಂಪನಿ. ಈ ಕಡೆ ತಂತಿ ಪಿಜಿ ಅಂಡ್ ಇ ಕಂಪನಿಯದು. ಎರಡೂ ಮನೆಯ ಬಿಲ್ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಸಾಂತಾ ಕ್ಲಾರಾದ ಯೂನಿಟ್ ದರ ಇನ್ನೊಂದರ ಅರ್ಧಕ್ಕೂ ಕಡಿಮೆ. ನೋಡಿದವರಿಗೆ ಹೊಟ್ಟೆ ಉರಿಯುವುದು ಸಹಜ. "ನಾವೂ ನಾಳೆ ಕಂಪನಿ ಮಾಡಿದರೆ ನಮಗೂ ಇದೇ ದರ" ಅಂತ ಅನ್ನಿಸಿಬಿಡುತ್ತದೆ.

ಹಾಗಲ್ಲ. ಸಾಂತಾ ಕ್ಲಾರಾ ಅಗ್ಗವಾಗಲು ಮಾಲೀಕತ್ವ ಒಂದು ಕಾರಣ, ಅಷ್ಟೇ. ಅಲ್ಲಿನ ಕರೆಂಟಿನ ಅರ್ಧಕ್ಕಿಂತ ಜಾಸ್ತಿ ಡೇಟಾ ಸೆಂಟರ್‌ಗಳಿಗೆ ಹೋಗುತ್ತದೆ. ಹಗಲು ರಾತ್ರಿ ಒಂದೇ ಸಮ ಕರೆಂಟ್ ಎಳೆಯುವ ಗಿರಾಕಿ ಇದ್ದರೆ ತಂತಿಯ ಖರ್ಚು ಅವರ ಮೇಲೂ ಹಂಚಿಹೋಗುತ್ತದೆ. ಊರು ಚಿಕ್ಕದು, ಸಮತಟ್ಟು. ಕಾಡಿನ ನಡುವೆ ನೂರಾರು ಮೈಲಿ ಲೈನ್ ಕಾಯುವ ಖರ್ಚು, ಕಾಳ್ಗಿಚ್ಚಿನ ಹೊರೆ ಅದಕ್ಕಿಲ್ಲ. ಪಿಜಿ ಅಂಡ್ ಇ 2017 ಮತ್ತು 2018ರ ಬೆಂಕಿ ಅನಾಹುತಗಳ ನಂತರ 2019ರಲ್ಲಿ ದಿವಾಳಿ ಕೋರ್ಟಿಗೆ ಹೋಗಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಸಾಂತಾ ಕ್ಲಾರಾ ತನ್ನ ಕಂಬಗಳನ್ನು ಯಾರಿಂದಲೂ ಇವತ್ತಿನ ಬೆಲೆಗೆ ಕೊಳ್ಳಬೇಕಾಗಲಿಲ್ಲ. ನಿಮ್ಮ ಸಿಟಿ ಕೊಳ್ಳಬೇಕು.

ಹಾಗಾಗಿ ಹೋಲಿಸುವುದಾದರೆ ಇತ್ತೀಚೆಗೆ ಕೊಂಡ ಊರಿನ ಜೊತೆ ಹೋಲಿಸಿ. ಅಂಥ ಎರಡು ಉದಾಹರಣೆ, ವಿಂಟರ್ ಪಾರ್ಕ್ ಮತ್ತು ಜೆಫರ್ಸನ್ ಕೌಂಟಿ, ಮುಂದೆ ಬರುತ್ತವೆ.

ಹಂತ 3: ಫ್ರಾಂಚೈಸ್ ಒಪ್ಪಂದ ತರಿಸಿ ಓದಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದೇ ಮುಖ್ಯವಾದ ಹಂತ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಫ್ರಾಂಚೈಸ್ ಅಂದರೆ ಸಿಟಿ ಮತ್ತು ಕರೆಂಟ್ ಕಂಪನಿ ಮಾಡಿಕೊಂಡ ಕರಾರು. "ನಮ್ಮ ರಸ್ತೆಯಲ್ಲಿ ನಿಮ್ಮ ಕಂಬ ನೆಡಬಹುದು, ಬದಲಿಗೆ ಇಷ್ಟು ಶುಲ್ಕ ಕೊಡಿ" ಅನ್ನುವ ಕಾಗದ. ಸಾಮಾನ್ಯವಾಗಿ 20 ಅಥವಾ 30 ವರ್ಷದ್ದು. ಇದು ಸಾರ್ವಜನಿಕ ದಾಖಲೆ. ಸಿಟಿ ಕ್ಲರ್ಕ್‌ಗೆ ಇಮೇಲ್ ಬರೆದು ಕೇಳಿದರೆ ಕೊಡುತ್ತಾರೆ.

ಅದರಲ್ಲಿ ಮೂರು ವಿಷಯ ಹುಡುಕಿ. ಯಾವ ತಾರೀಖಿಗೆ ಮುಗಿಯುತ್ತದೆ? ಮುಗಿದಾಗ ಕಂಬ-ತಂತಿ ಕೊಳ್ಳುವ ಹಕ್ಕು ಸಿಟಿಗೆ ಇದೆಯಾ? ಇದ್ದರೆ ಬೆಲೆ ಯಾರು ನಿಗದಿ ಮಾಡಬೇಕು?

ಫ್ಲಾರಿಡಾದ ವಿಂಟರ್ ಪಾರ್ಕ್ ಅನ್ನುವ ಚಿಕ್ಕ ಊರು ಗೆದ್ದದ್ದು ಈ ಒಂದು ಕಾಗದದಿಂದ. ಅಲ್ಲಿನ ಹಳೇ ಒಪ್ಪಂದ 2001ರಲ್ಲಿ ಮುಗಿಯಿತು. ಮುಗಿದ ಮೇಲೆ ಊರು ಕೊಳ್ಳಬಹುದು, ಬೆಲೆಯನ್ನು ಮಧ್ಯಸ್ಥಗಾರರು ಹೇಳಬೇಕು ಅಂತ ಅದರಲ್ಲಿ ಬರೆದಿತ್ತು. ಕಂಪನಿ ವಿರೋಧಿಸಿತು, ತಕರಾರು ನಡೆಯಿತು. ಆದರೂ ಬೆಲೆ ನಾಲ್ಕು ಕೋಟಿ ಡಾಲರ್‌ ಆಸುಪಾಸಿನಲ್ಲಿ ನಿಂತಿತು. 2003ರಲ್ಲಿ ಜನ ವೋಟು ಹಾಕಿದರು, 2005ರ ಜೂನ್‌ನಲ್ಲಿ ಊರು ವಿತರಣೆಯನ್ನು ಕೈಗೆ ತೆಗೆದುಕೊಂಡಿತು. ಪದೇ ಪದೇ ಕರೆಂಟ್ ಹೋಗುವುದೇ ಅವರ ದೊಡ್ಡ ದೂರಾಗಿತ್ತು. ಅದಕ್ಕೆ ತಕ್ಕ ಹಾಗೆ ವರ್ಷ ವರ್ಷ ಒಂದಿಷ್ಟು ತಂತಿಯನ್ನು ನೆಲದಡಿಗೆ ಹಾಕಿಸುತ್ತಾ ಬಂದರು. ಬೇಕಾದ್ದು ಏನು ಅಂತ ಮೊದಲೇ ಗೊತ್ತಿತ್ತು, ಅದನ್ನೇ ಮಾಡಿದರು.

ಇಲ್ಲಿ ಎಡವುವ ಜಾಗ: ತಾರೀಖು ಹತ್ತಿರ ಬಂದಾಗ ಕೌನ್ಸಿಲ್ ಸದ್ದಿಲ್ಲದೆ ಇನ್ನು 20 ವರ್ಷಕ್ಕೆ ನವೀಕರಿಸಿಬಿಡುವುದು. ಕಂಪನಿಯ ಎದುರು ಸಿಟಿಗೆ ಬಲ ಇರುವುದು ಆ ಎರಡು-ಮೂರು ವರ್ಷ ಮಾತ್ರ. ಸ್ವಂತ ಕಂಪನಿ ಮಾಡದಿದ್ದರೂ ಪರವಾಗಿಲ್ಲ, ಆ ಹೊತ್ತಿನಲ್ಲಿ ಕೇಳಿದರೆ ಕಂಬ ಬದಲಾಯಿಸುವುದು, ಮರ ಕಡಿಯುವುದು, ಸೋಲಾರ್ ಹೆಚ್ಚಿಸುವುದು ಇಂಥ ಎಷ್ಟೋ ಭರವಸೆಗಳನ್ನು ಬರಹದಲ್ಲಿ ಪಡೆಯಬಹುದು. ತಾರೀಖನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೂರು ವರ್ಷ ಮೊದಲು ಕೌನ್ಸಿಲ್ ಅಜೆಂಡಾ ನೋಡಲು ಶುರು ಮಾಡಿ.

ಹಂತ 4: ತಂತಿ ಕೊಳ್ಳದೆ ಆಗುವ ಕೆಲಸ ಇದೆಯಾ ನೋಡಿ

ನಿಮ್ಮ ಆಸೆ ಶುದ್ಧ ಕರೆಂಟ್ ಆಗಿದ್ದರೆ ಕಂಬ ಕೊಳ್ಳುವ ಅಗತ್ಯವೇ ಇಲ್ಲದಿರಬಹುದು.

ಒಂದು ದಾರಿಗೆ ಕಮ್ಯುನಿಟಿ ಚಾಯ್ಸ್ ಅನ್ನುತ್ತಾರೆ. ಊರಿನವರೆಲ್ಲರ ಪರವಾಗಿ ಸಿಟಿ ಅಥವಾ ಕೌಂಟಿ ಕರೆಂಟ್ ಖರೀದಿ ಮಾಡುತ್ತದೆ. ತಂತಿ, ರಿಪೇರಿ, ಬಿಲ್ಲಿಂಗ್ ಹಳೇ ಕಂಪನಿಯದೇ. ಬೇಡ ಅಂದವರು ಹೊರಗೆ ಉಳಿಯಬಹುದು. ಕ್ಯಾಲಿಫೋರ್ನಿಯಾ 2002ರಲ್ಲಿ ಇದಕ್ಕೆ ಕಾನೂನು ಮಾಡಿತು, 2010ರಲ್ಲಿ ಮರಿನ್ ಕೌಂಟಿ ಮೊದಲು ಶುರು ಮಾಡಿತು. ಸನ್ನಿವೇಲ್, ಕುಪರ್ಟಿನೋದವರೇ, ನಿಮ್ಮ ಬಿಲ್‌ನಲ್ಲಿ ಸಿಲಿಕಾನ್ ವ್ಯಾಲಿ ಕ್ಲೀನ್ ಎನರ್ಜಿ ಅಂತ ಹೆಸರಿದ್ದರೆ ನೀವು ಆಗಲೇ ಇದರಲ್ಲಿ ಇದ್ದೀರಿ. ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಒಹಾಯೋದಲ್ಲೂ ಈ ದಾರಿ ಇದೆ. ಎಲ್ಲ ರಾಜ್ಯದಲ್ಲೂ ಇಲ್ಲ.

ಇದರಲ್ಲಿ ಒಂದು ಮರೆಯ ಖರ್ಚು ಇದೆ. ಕ್ಯಾಲಿಫೋರ್ನಿಯಾದ ಬಿಲ್‌ನಲ್ಲಿ ಪಿಸಿಐಎ ಅಂತ ಒಂದು ಸಾಲು ಕಾಣುತ್ತದೆ. ನಿಮಗಾಗಿ ಅಂತ ಹಳೇ ಕಂಪನಿ ಹಿಂದೆ ಮಾಡಿಕೊಂಡ ದುಬಾರಿ ಖರೀದಿಯ ಪಾಲನ್ನು ನೀವು ಹೊರಗೆ ಹೋದ ಮೇಲೂ ಕಟ್ಟುವುದು ಅದು. ಅದು ವರ್ಷಕ್ಕೊಮ್ಮೆ ಏರಿಳಿಯುತ್ತದೆ, ನಿಮ್ಮ ಉಳಿತಾಯವೂ ಅದರ ಜೊತೆಗೇ ಏರಿಳಿಯುತ್ತದೆ.

ಎರಡನೇ ದಾರಿ ಹೊಸದು, ನನಗೆ ಬಹಳ ಹಿಡಿಸಿದ್ದು. ಮಿಷಿಗನ್‌ನ ಆನ್ ಆರ್ಬರ್ 2024ರ ನವೆಂಬರ್‌ನಲ್ಲಿ ಹೆಚ್ಚಿನ ಬಹುಮತದಿಂದ ಇದನ್ನು ಒಪ್ಪಿತು. ಡಿಟಿಇ ಕಂಪನಿಯ ತಂತಿ ಮುಟ್ಟದೆ, ಅದರ ಪಕ್ಕದಲ್ಲೇ ಊರಿನದ್ದೊಂದು ಪೂರಕ ಯುಟಿಲಿಟಿ. ಸೇರಬೇಕು ಅನ್ನುವವರ ಸೂರಿನ ಮೇಲೆ ಸೋಲಾರ್, ಮನೆಯಲ್ಲಿ ಬ್ಯಾಟರಿ ಹಾಕಿಸುವುದು, ಮುಂದೆ ನೆಲದಡಿಯ ಬಿಸಿ-ತಂಪು ಬಳಸಿ ಒಂದು ಬೀದಿಗೇ ಹೀಟಿಂಗ್ ಕೊಡುವುದು ಈ ಯೋಜನೆ. ಹಳೇ ಕಂಪನಿಯ ಕನೆಕ್ಷನ್ ಹಾಗೇ ಇರುತ್ತದೆ. ಕೋರ್ಟು ಕಟ್ಟೆ ಹತ್ತುವ ಅಗತ್ಯ ಇಲ್ಲ.

ಟೆಕ್ಸಸ್ ಓದುಗರಿಗೆ ಒಂದು ಮಾತು. ಇರ್ವಿಂಗ್‌ನಂಥ ಕಡೆ ಕರೆಂಟ್ ಮಾರುವ ಕಂಪನಿಯನ್ನು ನೀವೇ ಆರಿಸುತ್ತೀರಿ, ತಂತಿ ಮಾತ್ರ ಆಂಕರ್ ಅನ್ನುವ ಕಂಪನಿಯದು. ಅದೇ ಭಾಗದ ಗಾರ್ಲೆಂಡ್, ಡೆಂಟನ್‌ನಲ್ಲಿ ಯುಟಿಲಿಟಿ ಊರಿನದ್ದೇ. ನಿಮ್ಮ ದೂರು ಮಾರುವವರ ದರದ ಬಗ್ಗೆ ಆಗಿದ್ದರೆ ಅದಕ್ಕೆ ಚುನಾವಣೆ ಬೇಡ, ಪ್ಲಾನ್ ಬದಲಿಸಿದರೆ ಸಾಕು.

ಹಂತ 5: ಸಾಧ್ಯತಾ ವರದಿ, ಅದರಲ್ಲಿ ಕೇಳಬೇಕಾದ ಲೆಕ್ಕ

ಹಂತ 4ರಲ್ಲಿ ನಿಮ್ಮ ಕೆಲಸ ಆಗುವುದಿಲ್ಲ ಅಂತ ಖಚಿತವಾದರೆ ಮಾತ್ರ ಇಲ್ಲಿಗೆ ಬನ್ನಿ. ಸಿಟಿ ಒಂದು ಸಲಹಾ ಸಂಸ್ಥೆಯಿಂದ ವರದಿ ಮಾಡಿಸುತ್ತದೆ. ಕಂಪನಿಯೂ ತನ್ನದೊಂದು ವರದಿ ತರುತ್ತದೆ. ಎರಡರ ಮೊತ್ತಕ್ಕೂ ಅಜಗಜಾಂತರ. ಯಾಕೆ ಅಂತ ತಿಳಿಯಲು ಒಂದು ಕಂಬ ಸಾಕು.

ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ. 30 ವರ್ಷದ ಹಿಂದೆ 500 ಡಾಲರ್‌ಗೆ ನೆಟ್ಟ ಮರದ ಕಂಬ. ಆಯಸ್ಸು 40 ವರ್ಷ. ಮುಕ್ಕಾಲು ಆಯಸ್ಸು ಕಳೆದಿದೆ. ಸಿಟಿ ಹೇಳುತ್ತದೆ: ನೀವು ಹಾಕಿದ್ದು 500, ಉಳಿದದ್ದು ಕಾಲು ಭಾಗ, ತಗೊಳ್ಳಿ 125. ಕಂಪನಿ ಹೇಳುತ್ತದೆ: ಇವತ್ತು ಇಂಥದೇ ಕಂಬ ನೆಡಲು 4,000 ಆಗುತ್ತದೆ, ಅದರ ಕಾಲು ಭಾಗ 1,000 ಕೊಡಿ. ಕಂಬ ಒಂದೇ, ಬೆಲೆ ಎಂಟು ಪಟ್ಟು. ಮೊದಲನೆಯದು ಹಾಕಿದ ಅಸಲಿನಲ್ಲಿ ಸವಕಳಿ ಕಳೆದ ಲೆಕ್ಕ. ಎರಡನೆಯದು ಹೊಸದಾಗಿ ಕಟ್ಟುವ ಖರ್ಚಿನಲ್ಲಿ ಸವಕಳಿ ಕಳೆದ ಲೆಕ್ಕ. ಊರಿನ ಎಲ್ಲ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗೆ ಇದನ್ನು ಗುಣಿಸಿ ನೋಡಿ. ಕೊನೆಗೆ ಯಾವ ಲೆಕ್ಕ ನಿಲ್ಲುತ್ತದೆ ಅನ್ನುವುದು ರಾಜ್ಯದ ಕಾನೂನು, ಆಯೋಗ ಅಥವಾ ಕೋರ್ಟಿನ ಕೈಯಲ್ಲಿ. ಹಾಗಾಗಿ ವರದಿ ಎರಡೂ ಬೆಲೆಯಲ್ಲಿ ದರ ಎಷ್ಟಾಗುತ್ತದೆ ಅಂತ ತೋರಿಸಲೇಬೇಕು. ಒಂದೇ ಅಂಕಿ ಇರುವ ವರದಿಯನ್ನು ನಂಬಬೇಡಿ, ಅದು ಯಾರೇ ಮಾಡಿಸಿದ್ದಾದರೂ ಸರಿ.

ಬೆಲೆ ಆದ ಮೇಲೆ ಬೇರ್ಪಡಿಸುವ ಖರ್ಚು. ಕೂಡಿದ ಮನೆ ಪಾಲಾದಾಗ ಏನು ಮಾಡುತ್ತೇವೆ? ನಡುವೆ ಗೋಡೆ ಎತ್ತಬೇಕು, ಬೇರೆ ಬಾಗಿಲು ಇಡಿಸಬೇಕು, ನಲ್ಲಿ ಬೇರೆ, ಮೀಟರ್ ಬೇರೆ. ಇದೂ ಹಾಗೇ. ಕಂಪನಿಯ ಲೈನು ಊರಿನ ಗಡಿ ನೋಡಿಕೊಂಡು ಎಳೆದದ್ದಲ್ಲ. ಒಂದೇ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಲೈನು, ಅರ್ಧ ನಿಮ್ಮ ಊರಿಗೆ, ಅರ್ಧ ಪಕ್ಕದ ಹಳ್ಳಿಗೆ ಹೋಗಿರುತ್ತದೆ. ಅದನ್ನು ಕತ್ತರಿಸಿ ಎರಡು ಮಾಡಬೇಕು. ಹೊಸ ಸಬ್‌ಸ್ಟೇಷನ್ ಬೇಕಾಗಬಹುದು.

ಮೂರನೆಯದು ಕಂಪನಿಗೆ ಕೊಡಬೇಕಾದ ನಷ್ಟ ಪರಿಹಾರ. ಮದುವೆಗೆ 500 ಎಲೆ ಅಂತ ಅಡುಗೆಯವರಿಗೆ ಹೇಳಿ ಕೊನೇ ಗಳಿಗೆಯಲ್ಲಿ 300 ಸಾಕು ಅಂದರೆ ತಂದ ಸಾಮಾನಿನ ದುಡ್ಡು ಯಾರು ಕೊಡಬೇಕು? ನಿಮ್ಮ ಊರೂ ಇರುತ್ತದೆ ಅಂತ ಕಂಪನಿ ವಿದ್ಯುತ್ ಘಟಕ ಕಟ್ಟಿರುತ್ತದೆ. ನೀವು ಬಿಟ್ಟು ಹೋದರೆ ಆ ಪಾಲನ್ನು ಕೇಳುತ್ತದೆ. 1996ರಲ್ಲಿ ಫೆಡರಲ್ ಎನರ್ಜಿ ನಿಯಂತ್ರಣ ಆಯೋಗ ಹೊರಡಿಸಿದ 888ನೇ ಆದೇಶ ಇದಕ್ಕೆ ದಾರಿ ಮಾಡಿದೆ. ಅದೇ ಆದೇಶವೇ ಬೇರೆಯವರ ಕರೆಂಟನ್ನೂ ತಮ್ಮ ಪ್ರಸರಣ ಲೈನಿನಲ್ಲಿ ಸಾಗಿಸಬೇಕು ಅಂತ ಕಂಪನಿಗಳಿಗೆ ಹೇಳಿದ್ದು. ಹಾಗಾಗಿ ನಿಮ್ಮ ಊರು ಹೊರಗಿನ ಕರೆಂಟ್ ಕೊಂಡು ತರಬಹುದು.

ಇನ್ನು ಸಾಲ. ಸಿಟಿಗೆ ಅಗ್ಗದ ಸಾಲ ಸಿಗುತ್ತದೆ ಅನ್ನುವುದು ಪರವಾಗಿರುವವರ ದೊಡ್ಡ ವಾದ. ಖಾಸಗಿ ಕಂಪನಿ ಷೇರುದಾರರಿಗೆ ಶೇಕಡಾ 10ರ ಆಸುಪಾಸಿನ ಲಾಭ ಕೊಡಲು ಆಯೋಗಗಳು ಒಪ್ಪುತ್ತವೆ, ಸಿಟಿಗೆ ಆ ಹೊರೆ ಇಲ್ಲ. ಇದು ನಿಜ. ಆದರೆ 1987ರಲ್ಲಿ ಬಂದ ತೆರಿಗೆ ಕಾನೂನಿನ ತಿದ್ದುಪಡಿಯಿಂದಾಗಿ, ಖಾಸಗಿ ಕಂಪನಿಯ ಕಂಬ-ತಂತಿ ಕೊಳ್ಳಲು ತೆರಿಗೆ ರಿಯಾಯಿತಿಯ ಬಾಂಡ್ ಬಳಸುವುದಕ್ಕೆ ಬಿಗಿ ಮಿತಿ ಇದೆ. ಬಾಂಡ್ ಅಂದರೆ ಸಿಟಿ ಜನರಿಂದ, ಫಂಡ್‌ಗಳಿಂದ ಎತ್ತುವ ಸಾಲ. ರಿಯಾಯಿತಿ ಇಲ್ಲದ ಬಾಂಡ್‌ಗೆ ಬಡ್ಡಿ ಜಾಸ್ತಿ. ವರದಿ ಯಾವ ಬಡ್ಡಿ ಹಿಡಿದಿದೆ ಅಂತ ಮೊದಲು ಕೇಳಿ. ಎಷ್ಟೋ ಉಳಿತಾಯದ ಲೆಕ್ಕ ಇಲ್ಲೇ ಕರಗುತ್ತದೆ.

ಇನ್ನೂ ಎರಡು ಚಿಕ್ಕ ಪ್ರಶ್ನೆ. ಕಂಪನಿ ಇಲ್ಲಿಯವರೆಗೆ ಕಟ್ಟುತ್ತಿದ್ದ ಆಸ್ತಿ ತೆರಿಗೆ ಶಾಲೆಗಳಿಗೂ ಹೋಗುತ್ತಿತ್ತು, ಅದನ್ನು ಇನ್ನು ಯಾರು ತುಂಬುತ್ತಾರೆ? ಯುಟಿಲಿಟಿಯ ದುಡ್ಡಿನಲ್ಲಿ ಎಷ್ಟನ್ನು ಸಿಟಿ ತನ್ನ ಬೇರೆ ಖರ್ಚಿಗೆ ತೆಗೆದುಕೊಳ್ಳಬಹುದು? ಸ್ಯಾನ್ ಆಂಟೋನಿಯೋದಲ್ಲಿ ಯುಟಿಲಿಟಿಯ ಒಟ್ಟು ಆದಾಯದ ಶೇಕಡಾ 14ರವರೆಗೆ ಸಿಟಿಗೆ ಹೋಗುತ್ತದೆ. ಪಾರ್ಕಿಗೆ, ಪೊಲೀಸರಿಗೆ ಬಂದರೆ ತಪ್ಪಿಲ್ಲ, ಆದರೆ ಅದು ನಿಮ್ಮ ಕರೆಂಟ್ ಬಿಲ್‌ನಿಂದಲೇ ಬರುವುದು. ಮಿತಿ ಎಷ್ಟು ಅಂತ ಮೊದಲೇ ಬರೆದಿಡಿಸಿ.

ಹಂತ 6: ರಾಜ್ಯದ ಕಾನೂನು

ಇದನ್ನು ವಕೀಲರಿಗೆ ಬಿಡಿ. ನಿಮಗೆ ಬೇಕಾದ ಉತ್ತರ ಮೂರೇ: ಕಂಪನಿ ಮಾರುವುದಿಲ್ಲ ಅಂದರೆ ಕಡ್ಡಾಯವಾಗಿ ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಸಿಟಿಗೆ ಇದೆಯಾ, ಬೆಲೆ ಹೇಳುವವರು ಯಾರು, ಮೊದಲು ಆಯೋಗಕ್ಕೆ ಹೋಗಬೇಕಾ ಅಥವಾ ಕೋರ್ಟಿಗಾ. ಮೂರನೇ ಪ್ರಶ್ನೆ ಚಿಕ್ಕದು ಅನ್ನಿಸುತ್ತದೆ. ಹಂತ 8 ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಹಂತ 7: ಬ್ಯಾಲೆಟ್ ಪೇಪರ್ ನಿಧಾನ ಓದಿ

ಒಂದೇ ಚುನಾವಣೆಯಲ್ಲಿ ನೋಡಲು ಒಂದೇ ಥರ ಇರುವ ಎರಡು ಪ್ರಶ್ನೆ ಬರಬಹುದು. ಕೊಲರಾಡೋದ ಬೋಲ್ಡರ್‌ನಲ್ಲಿ 2013ರಲ್ಲಿ ಹಾಗೇ ಆಯಿತು. ಸಾಲದ ಮಿತಿಯ ಬಗ್ಗೆ ಎರಡು ಪ್ರಶ್ನೆ. ಒಂದು ಕಂಪನಿಯ ಬೆಂಬಲದ್ದು, ಒಂದು ಸಿಟಿಯದು. ಜನ ಸಿಟಿಯದನ್ನು ಆರಿಸಿದರು, ಖರೀದಿಗೆ 21.4 ಕೋಟಿ ಡಾಲರ್ ಮಿತಿ ಹಾಕಿದರು. ಮೇನ್ ರಾಜ್ಯದಲ್ಲಿ 2023ರಲ್ಲಿ ಇಡೀ ರಾಜ್ಯದ ಎರಡು ಕಂಪನಿಗಳನ್ನು ಕೊಂಡು ಪೈನ್ ಟ್ರೀ ಪವರ್ ಅಂತ ಸಾರ್ವಜನಿಕ ಸಂಸ್ಥೆ ಮಾಡುವ ಪ್ರಸ್ತಾವ ಬಂತು. ಅದರ ಜೊತೆಗೇ ನೂರು ಕೋಟಿ ಡಾಲರ್ ಮೀರಿದ ಸಾಲಕ್ಕೆ ಜನರ ಒಪ್ಪಿಗೆ ಬೇಕು ಅನ್ನುವ ಇನ್ನೊಂದು ಪ್ರಶ್ನೆ. ಮೊದಲನೆಯದನ್ನು ಸುಮಾರು ಶೇಕಡಾ 70 ಜನ ಬೇಡ ಅಂದರು, ಎರಡನೆಯದು ಗೆದ್ದಿತು.

ಮೇನ್‌ನಲ್ಲಿ ಕಂಪನಿಗಳು ಪ್ರಚಾರಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದವು, ಎದುರು ಪಕ್ಷದ ಬಳಿ ಅದರ ಒಂದು ಚೂರೂ ಇರಲಿಲ್ಲ. ಇದು ನನಗೆ ಬೇಸರದ ಸಂಗತಿ. ಆದರೆ ಬೆಲೆ ಎಷ್ಟು, ಎಷ್ಟು ವರ್ಷ ಅನ್ನುವ ಪ್ರಶ್ನೆಗೆ ಖಚಿತ ಉತ್ತರ ಇಲ್ಲದೆ ಜನರ ಮುಂದೆ ಹೋದರೆ ಆ ಜಾಹೀರಾತಿಗೆ ಜಾಗ ಬಿಟ್ಟುಕೊಟ್ಟ ಹಾಗೆ.

ಹಂತ 8: ಕಂಪನಿ ಮಾರುವುದಿಲ್ಲ ಅಂದಾಗ

ಬಹುತೇಕ ಹಾಗೇ ಅನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ 2019ರಲ್ಲಿ 250 ಕೋಟಿ ಡಾಲರ್ ಕೊಡುತ್ತೇವೆ ಅಂದಾಗ ಪಿಜಿ ಅಂಡ್ ಇ ಒಪ್ಪಲಿಲ್ಲ. ಬೆಲೆ ನಿಗದಿ ಮಾಡಿ ಅಂತ ಸಿಟಿ 2021ರಲ್ಲಿ ರಾಜ್ಯದ ಆಯೋಗದ ಬಾಗಿಲು ತಟ್ಟಬೇಕಾಯಿತು.

ಮಾರದಿದ್ದರೆ ಉಳಿಯುವುದು ಕಡ್ಡಾಯ ಸ್ವಾಧೀನ. ನಮ್ಮ ಕಡೆ ರಸ್ತೆಗೆ ಜಮೀನು ತೆಗೆದುಕೊಳ್ಳುವ ಭೂಸ್ವಾಧೀನದ ಹಾಗೆಯೇ, ಇಲ್ಲಿ ಕಂಬ-ತಂತಿಗೆ. ಇದಕ್ಕೆ ಎಷ್ಟು ಕಾಲ ಹಿಡಿಯಬಹುದು ಅನ್ನುವುದಕ್ಕೆ ಬೋಲ್ಡರ್ ಕಥೆ ಕೇಳಿ. ಒಂದು ಲಕ್ಷ ಚಿಲ್ಲರೆ ಜನರ ಊರು. ಓದಿದವರು, ಹವಾಮಾನದ ಬಗ್ಗೆ ಕಾಳಜಿ ಇರುವವರು. ಕಲ್ಲಿದ್ದಲಿನ ಕರೆಂಟ್ ಬೇಡ ಅನ್ನುವುದು ಅವರ ಆಸೆ. 2010ರಲ್ಲಿ ಎಕ್ಸೆಲ್ ಕಂಪನಿಯ ಜೊತೆಗಿನ ಫ್ರಾಂಚೈಸ್ ಮುಗಿಯಿತು, ನವೀಕರಿಸಲಿಲ್ಲ. 2011ರಲ್ಲಿ ಸ್ವಂತ ಯುಟಿಲಿಟಿಗೆ ಕಡಿಮೆ ಅಂತರದಲ್ಲಿ ವೋಟು ಬಿತ್ತು. 2014ರಲ್ಲಿ ಸ್ವಾಧೀನದ ಕೇಸು ಹಾಕಿದರು. 2015ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಕಾರಣ, ಮೊದಲು ರಾಜ್ಯದ ಆಯೋಗದ ಒಪ್ಪಿಗೆ ತನ್ನಿ ಅಂತ. ಊರಿನ ಗಡಿ ದಾಟಿದ ಲೈನುಗಳು, ಹೊರಗಿನ ಗ್ರಾಹಕರು ಅದರಲ್ಲಿ ಸೇರಿದ್ದರು. ಆಯೋಗದ ಮುಂದೆ 2017ರವರೆಗೆ ನಡೆಯಿತು, ಷರತ್ತುಗಳ ಜೊತೆ ಒಂದಿಷ್ಟಕ್ಕೆ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮತ್ತೆ ಕೇಸು ಹಾಕಿದರೆ, ಇನ್ನೂ ಸಮಯ ಬಂದಿಲ್ಲ ಅಂತ ಮತ್ತೆ ವಜಾ. 2020ರ ನವೆಂಬರ್‌ನಲ್ಲಿ ಜನ ಎಕ್ಸೆಲ್ ಜೊತೆ ಹೊಸ ಫ್ರಾಂಚೈಸ್‌ಗೆ ವೋಟು ಹಾಕಿದರು. ಹತ್ತು ವರ್ಷ, ಎರಡು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು, ಒಂದು ಕಂಬವೂ ಊರಿನದಾಗಲಿಲ್ಲ.

ಆ ಹೊಸ ಕರಾರಿನಲ್ಲಿ ಮಧ್ಯೆ ಹೊರಬರುವ ಅವಕಾಶಗಳನ್ನು, ಮಾಲಿನ್ಯ ಇಳಿಸುವ ಭರವಸೆಗಳನ್ನು ಸಿಟಿ ಬರೆಸಿಕೊಂಡಿತು. ಅಷ್ಟು ವರ್ಷ ಹಟ ಹಿಡಿಯದಿದ್ದರೆ ಅದೂ ಸಿಗುತ್ತಿರಲಿಲ್ಲ ಅನ್ನುವವರಿದ್ದಾರೆ. ಅದರಲ್ಲಿ ಸತ್ಯ ಇದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಆ ಬೆಲೆಗೆ ಅದನ್ನು ಪಡೆಯಬೇಕಿತ್ತಾ ಅಂತ ನಿಮ್ಮ ಕೌನ್ಸಿಲ್ ಕೇಳಿಕೊಳ್ಳಬೇಕು.

ತಾಳ್ಮೆಗೆ ಇನ್ನೂ ದೊಡ್ಡ ಉದಾಹರಣೆ ಸ್ಯಾಕ್ರಮೆಂಟೋ. ಅಲ್ಲಿನ ಜನ ವೋಟು ಹಾಕಿದ್ದು 1923ರಲ್ಲಿ. ಊರಿನ ಯುಟಿಲಿಟಿ ಕರೆಂಟ್ ಕೊಡಲು ಶುರು ಮಾಡಿದ್ದು 1946ರ ಕೊನೆಗೆ. ಇವತ್ತು ಅದು ಕ್ಯಾಲಿಫೋರ್ನಿಯಾದ ಕಡಿಮೆ ದರದ ಯುಟಿಲಿಟಿಗಳಲ್ಲೊಂದು.

ಇಲ್ಲಿ ಎಡವುವ ಜಾಗ: ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಬರೆದಿಡದಿರುವುದು. "ಬೆಲೆ ಇಷ್ಟು ದಾಟಿದರೆ, ಇಷ್ಟು ವರ್ಷ ಕಳೆದರೆ ಮತ್ತೆ ಜನರ ಮುಂದೆ ಬರುತ್ತೇವೆ" ಅಂತ ಮೊದಲ ನಿರ್ಣಯದಲ್ಲೇ ಇರಲಿ.

ಹಂತ 9: ಕೈಗೆ ಬಂದ ಮೊದಲ ದಿನ

ಗೆದ್ದವರು ಮರೆಯುವ ಹಂತ ಇದು. ರಾತ್ರಿ ಎರಡು ಗಂಟೆಗೆ ಗಾಳಿ-ಮಳೆಯಲ್ಲಿ ಕಂಬ ಹತ್ತುವವರು ಯಾರು? ಲೈನ್‌ಮನ್ ಕೆಲಸ ಕಲಿಯಲು ವರ್ಷಗಳು ಬೇಕು. ಬಿಡಿ ಟ್ರಾನ್ಸ್‌ಫಾರ್ಮರ್ ಗೋಡೌನಿನಲ್ಲಿ ಇದೆಯಾ? ಬಿಲ್ಲಿಂಗ್ ಸಾಫ್ಟ್‌ವೇರ್ ಪರೀಕ್ಷೆ ಆಗಿದೆಯಾ? ಕರೆಂಟ್ ಖರೀದಿ ಒಪ್ಪಂದ ಸಹಿ ಆಗಿದೆಯಾ? ಬಿರುಗಾಳಿ ಬಂದಾಗ ಪಕ್ಕದ ಊರಿನ ಯುಟಿಲಿಟಿಗಳು ಆಳು, ಗಾಡಿ ಕಳಿಸುವ ಪರಸ್ಪರ ನೆರವಿನ ಒಪ್ಪಂದ ಇದೆಯಾ?

ವಾಷಿಂಗ್ಟನ್ ರಾಜ್ಯದ ಜೆಫರ್ಸನ್ ಕೌಂಟಿ ಇದನ್ನು ಮಾಡಿ ತೋರಿಸಿತು. 2008ರಲ್ಲಿ ಜನ ಒಪ್ಪಿದರು. ಅಲ್ಲಿ ನೀರಿನ ಕೆಲಸ ನೋಡಿಕೊಳ್ಳುವ ಸಾರ್ವಜನಿಕ ಸಂಸ್ಥೆ ಆಗಲೇ ಇತ್ತು. ಕಂಪನಿ ಮಾತುಕತೆಗೆ ಒಪ್ಪಿ 10.3 ಕೋಟಿ ಡಾಲರ್‌ಗೆ ಮಾರಿತು, ಗ್ರಾಮೀಣ ವಿದ್ಯುತ್ತಿಗೆ ಅಂತ ಇರುವ ಫೆಡರಲ್ ಸಾಲ ಸಿಕ್ಕಿತು. ಆದರೂ ವೋಟಿನಿಂದ 2013ರ ಏಪ್ರಿಲ್‌ನ ಮೊದಲ ದಿನದವರೆಗೆ ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಗಳ ಇಲ್ಲದಿದ್ದರೂ ಇಷ್ಟು ಕಾಲ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ.

ಊರಿನಿಂದ ಬರುವ ಪ್ರಶ್ನೆ: ಬೆಂಗಳೂರಿಗೆ, ಮೈಸೂರಿಗೆ ಇದು ಆಗುತ್ತಾ?

ಅಲ್ಲಿನ ಸಂಗತಿಯೇ ಬೇರೆ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಲ್ಲವೂ ರಾಜ್ಯ ಸರ್ಕಾರದ ಕಂಪನಿಗಳೇ. ಖಾಸಗಿಯಿಂದ ಸಾರ್ವಜನಿಕಕ್ಕೆ ತರುವ ಪ್ರಶ್ನೆ ಅಲ್ಲಿ ಇಲ್ಲ. ಕೇಳಬಹುದಾದ್ದು ರಾಜ್ಯದ ಬದಲು ಊರಿನ ಕೈಗೆ ಬರಬೇಕಾ ಅಂತ. ಅಂಥ ಮಾದರಿ ದೇಶದಲ್ಲಿ ಇಲ್ಲದಿಲ್ಲ. ಕೇರಳದ ತ್ರಿಶೂರಿನಲ್ಲಿ ನಗರಪಾಲಿಕೆಯೇ ಕರೆಂಟ್ ಹಂಚುತ್ತದೆ, 1937ರಿಂದ. ಬಸ್ಸು, ಕರೆಂಟ್ ಎರಡನ್ನೂ ನೋಡಿಕೊಳ್ಳುವ ಮುಂಬೈಯ ಬೆಸ್ಟ್ ಸಂಸ್ಥೆ 1947ರಲ್ಲಿ ಪಾಲಿಕೆಯ ಕೈಗೆ ಬಂತು. ಅಲ್ಲಿ ಕರೆಂಟಿನ ದುಡ್ಡಿನಲ್ಲಿ ಬಸ್ಸಿನ ನಷ್ಟ ತುಂಬಿಸಿದ್ದೂ ಉಂಟು, ಸ್ಯಾನ್ ಆಂಟೋನಿಯೋದ ಶೇಕಡಾ 14ರ ಮಾತು ಓದುವಾಗ ಅದನ್ನೂ ನೆನೆಯಿರಿ. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಶುರುವಾದ ಸಹಕಾರಿ ಸಂಘ ಇವತ್ತಿಗೂ ಕರೆಂಟ್ ಹಂಚುತ್ತಿದೆ.

2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ಒಂದೇ ಪ್ರದೇಶದಲ್ಲಿ ಎರಡನೇ ವಿತರಕರಿಗೂ ಲೈಸೆನ್ಸ್ ಕೊಡಲು ಅವಕಾಶ ಮಾಡಿದೆ. ಆದರೆ ಅವರು ತಮ್ಮದೇ ತಂತಿ ಎಳೆಯಬೇಕು ಅನ್ನುತ್ತದೆ. ಪಾಲಿಕೆಯ ಖಜಾನೆ ನೋಡಿದವರಿಗೆ ಅದು ಎಷ್ಟು ದೂರದ ಮಾತು ಅಂತ ಗೊತ್ತು. ಅದಕ್ಕಿಂತ ಹತ್ತಿರದ ಬಾಗಿಲು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಎಸ್ಕಾಂಗಳು ದರ ಏರಿಸಿ ಅಂತ ಅರ್ಜಿ ಹಾಕಿದಾಗ ಅದು ಪ್ರಕಟವಾಗುತ್ತದೆ, ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಆಕ್ಷೇಪಣೆ ಬರೆಯಲು ವಕೀಲರು ಬೇಡ, ಕನ್ನಡದಲ್ಲೇ ಬರೆಯಬಹುದು. ಅರ್ಜಿಯ ಪ್ರತಿ ತೆಗೆದುಕೊಂಡು, ನಿಮ್ಮ ಏರಿಯಾದಲ್ಲಿ ಯಾವ ಟ್ರಾನ್ಸ್‌ಫಾರ್ಮರ್ ಎಷ್ಟು ಸಲ ಸುಟ್ಟಿದೆ, ಎಷ್ಟು ದಿನ ಬದಲಾಯಿಸಲಿಲ್ಲ ಅಂತ ತಾರೀಖಿನ ಸಮೇತ ಬರೆದು ಕೊನೇ ದಿನದೊಳಗೆ ಕೊಡಿ. ಮೌಖಿಕವಾಗಿಯೂ ಹೇಳಬೇಕು ಅಂತಿದ್ದರೆ ಅದನ್ನೂ ಅದೇ ಕಾಗದದಲ್ಲಿ ತಿಳಿಸಿ.